ಶೋ ಮುಗಿದ ಮೇಲಿನ ಅರ್ಧ ಗಂಟೆ

ಬೆಂಗಳೂರಿನ ಪಬ್ಬಾಗಲಿ, ಮೈಸೂರಿನ ಕಾಲೇಜು ಫೆಸ್ಟಾಗಲಿ, ಕೊನೆಯ ಹಾಡು ಮುಗಿದದ್ದೇ ತಡ ಬ್ಯಾಂಡಿನವರೆಲ್ಲ ಬಗ್ಗಿ ಕೇಬಲ್ ಸುತ್ತಲು ಶುರುಮಾಡುತ್ತಾರೆ. ಮಾತಾಡಿಸೋಣ ಎಂದು ನಿಂತವರು ಎರಡು ನಿಮಿಷ ಕಾದು ಆಟೋ ಹಿಡಿಯುತ್ತಾರೆ. ಅಭಿಮಾನಿ ಕೈತಪ್ಪುವುದು ಅಲ್ಲೇ. ಸಾಮಾನು ಬಿಚ್ಚಲು ಇಬ್ಬರು ಸಾಕು, ಉಳಿದವರು ಬೆವರು ಒರೆಸಿಕೊಂಡು ಜನರ ನಡುವೆ ಇಳಿಯಬೇಕು. ಪ್ರತಿ ಸಲ ಡ್ರಮ್ಮರ್ರೇ ಹಿಂದುಳಿದರೆ ಮುನಿಸು ಖಚಿತ, ಸರದಿ ಹಾಕಿಕೊಳ್ಳಿ.

ಸೆಲ್ಫಿ ಕೊಟ್ಟರೆ ಸಾಲದು, ನಂಬರ್ ಪಡೆಯಬೇಕು. ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಪೋಸ್ಟ್ ಯಾರಿಗೆ ಕಾಣಬೇಕು ಅನ್ನೋದು ನಿಮ್ಮ ಕೈಯಲ್ಲಿಲ್ಲ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿ ಅಂದರೆ ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಪಟ್ಟಿ. ಒಂದಕ್ಕೆ 256 ಜನರನ್ನು ಸೇರಿಸಬಹುದು, ಸಣ್ಣ ಬ್ಯಾಂಡಿಗೆ ಅಷ್ಟು ಧಾರಾಳ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ‘ಇನ್ನೂರು ಜನಕ್ಕೆ ಕಳಿಸಿದೆವು, ಇಪ್ಪತ್ತು ಜನ ಬಂದರು’ ಅನ್ನುವ ಗೋಳಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಟೀ ಶರ್ಟ್ ಮಾರುವ ಮೇಜಿನ ಮೇಲೆ ಚಾಟ್ ತೆರೆಯುವ ಕ್ಯೂಆರ್ ಕೋಡ್ ಇಡಿ. ಅವರು ‘ಹಾಯ್’ ಕಳಿಸಿದ ಮೇಲೆ ಎದುರಿಗೇ ಬ್ಯಾಂಡಿನ ಹೆಸರಲ್ಲಿ ಸೇವ್ ಮಾಡಿಸಿ. ನೀವೂ ಹಾಗೇ ಸೇವ್ ಮಾಡಿಕೊಳ್ಳಿ: ‘ಸುಮಾ ಹುಬ್ಬಳ್ಳಿ ಡಿಸೆಂಬರ್’. ಊರು ಬರೆದಿದ್ದರೆ ಹುಬ್ಬಳ್ಳಿಯವರಿಗೆ ಇಂದಿರಾನಗರದ ಶೋ ಸುದ್ದಿ ಹೋಗಿ ಬೇಸರವಾಗುವುದಿಲ್ಲ.

ಎಲ್ಲರನ್ನೂ ಒಂದೇ ಗ್ರೂಪಿಗೆ ಹಾಕಬೇಡಿ. ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ, ಬೇಡದ ಮೆಸೇಜು ಶುರುವಾದರೆ ಹೆಣ್ಣುಮಕ್ಕಳು ಮೊದಲು ಹೊರಡುತ್ತಾರೆ. ಸಿಮ್ ಬ್ಯಾಂಡಿನದೇ ಬೇರೆ ಇರಲಿ. ಗಿಟಾರಿಸ್ಟ್ ನಂಬರಿನಲ್ಲಿ ಪಟ್ಟಿ ಕಟ್ಟಿದರೆ, ಆತ ಬ್ಯಾಂಡ್ ಬಿಟ್ಟ ದಿನ ಪಟ್ಟಿಯೂ ಹೋಯಿತು.

ಒಂದು ಶೋಗೆ ಎರಡೇ ಸಂದೇಶ: ಹತ್ತು ದಿನ ಮೊದಲು ಒಂದು, ಅವತ್ತು ಬೆಳಿಗ್ಗೆ ಒಂದು. ಎರಡನೆಯದರಲ್ಲಿ ಹತ್ತಿರದ ಮೆಟ್ರೋ ಸ್ಟೇಷನ್ ಮತ್ತು ನೀವು ವೇದಿಕೆ ಹತ್ತುವ ನಿಜವಾದ ಹೊತ್ತು ಇರಲಿ. ಬಯಲಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು. ಏಳಕ್ಕೆಂದು ಬರೆದು ಎಂಟೂವರೆಗೆ ಶುರುಮಾಡಿದರೆ ಕತ್ತರಿ ಬೀಳುವುದು ಕೊನೆಗೆಂದು ಉಳಿಸಿಕೊಂಡ ಹಾಡುಗಳಿಗೆ. ಯಲಹಂಕದಿಂದ ಟ್ರಾಫಿಕ್ಕಿನಲ್ಲಿ ಬಂದವರು ಅದನ್ನೇ ಕೇಳಲು ಬಂದಿರುತ್ತಾರೆ.

ಒಂದೇ ಊರಲ್ಲಿ ವಾರಕ್ಕೊಂದು ಶೋ ಮಾಡಿದರೆ ‘ಮುಂದಿನ ವಾರ ನೋಡಿದರಾಯ್ತು’ ಅನ್ನುತ್ತಾರೆ. ಆರು ವಾರವಾದರೂ ಅಂತರ ಬಿಡಿ, ಎರಡು ಹೊಸ ಹಾಡಿನೊಂದಿಗೆ ಬನ್ನಿ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದ ಎತ್ತಿದರೆ ಜನಕ್ಕೆ ಸಾಲು ಮೊದಲೇ ಬಾಯಲ್ಲಿರುತ್ತದೆ. ಸ್ವಂತ ರಚನೆಗೆ ಆ ಅನುಕೂಲವಿಲ್ಲ. 1996ರಲ್ಲಿ ಶುರುವಾದ ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡ್ ಸ್ವಂತ ಹಾಡುಗಳನ್ನೇ ನಂಬಿಕೊಂಡು ಬಂದದ್ದು, ಅದು ನಿಧಾನದ ದಾರಿ. ಹಾಗಾಗಿ ಹೊಸ ಹಾಡಿನ ಪಲ್ಲವಿಯನ್ನು, ಫೋನಿನಲ್ಲಿ ರೆಕಾರ್ಡ್ ಮಾಡಿದ್ದಾದರೂ ಸರಿ, ಶೋಗೆ ಮೊದಲೇ ಪಟ್ಟಿಯವರಿಗೆ ಕಳಿಸಿ. ಎದುರು ಸಾಲಿನ ಹತ್ತು ಜನ ಹಾಡಿದರೆ ಹಿಂದಿನವರು ತಾವಾಗಿ ಸೇರಿಕೊಳ್ಳುತ್ತಾರೆ.

ಮಾರಲು ಬ್ಯಾಂಡಿನ ಟೀ ಶರ್ಟ್ ಮೊದಲ ಸಲ 50 ಸಾಕು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಸ್ಕ್ರೀನ್, ಖರ್ಚೂ ಹಾಗೇ ಏರುತ್ತದೆ. ಒಂದೇ ಬಣ್ಣದಲ್ಲಿ ಮುಗಿಸಿ. ಸ್ಮಾಲ್ 5, ಮೀಡಿಯಂ 15, ಲಾರ್ಜ್ 18, ಎಕ್ಸೆಲ್ 12. ಗೆಳೆಯರಿಗೆಲ್ಲ ಪುಕ್ಕಟೆ ಹಂಚಿದರೆ ದುಡ್ಡು ಕೊಟ್ಟು ಕೊಂಡವರು ಪೆಚ್ಚಾಗುತ್ತಾರೆ.

ಮೇಜಿನ ಹತ್ತಿರ ಬಂದು ‘ಆ ಹಾಡು ಯಾಕೆ ಹಾಡಲಿಲ್ಲ?’ ಎಂದು ಜಗಳ ತೆಗೆಯುವವರಿರುತ್ತಾರೆ. ಅವರ ಹೆಸರಿನ ಪಕ್ಕ ಹಾಡಿನ ಹೆಸರನ್ನೂ ಬರೆದಿಟ್ಟುಕೊಳ್ಳಿ.