ಎಲೆ ನೋಡಿ ಕಳೆನಾಶಕ ಆರಿಸಬೇಡಿ

ಗ್ಲಾಡಿಯೋಲಸ್ ಹೂವು ಹಾಕಿದವರು ಫೋನ್ ಮಾಡಿದಾಗಲೆಲ್ಲ ಇದೇ ಮಾತು. "ಸರ್, ಇದರ ಎಲೆನೂ ಹುಲ್ಲಿನ ಥರಾನೇ ಇದೆ. ಹುಲ್ಲಿನ ಔಷಧಿ ಹೊಡೆದ್ರೆ ಗಿಡನೂ ಸಾಯುತ್ತೆ ಅಲ್ವಾ?" ಹೀಗೆ ಹೆದರಿದವರೇ ಮುಂದಿನ ವಾರ ಸಾಲಿನ ನಡುವೆ ಯಾವ ಗಿಡವನ್ನೂ ಬಿಡದ ಗ್ಲೈಫೋಸೇಟ್ ಕಳೆನಾಶಕ ಹೊಡೆದಿರುತ್ತಾರೆ. ಸಿಟ್ಟು ಬರುತ್ತದೆ, ಪಾಪ ಅಂತಲೂ ಅನಿಸುತ್ತದೆ.

ಗ್ಲಾಡಿಯೋಲಸ್ ಐರಿಸ್ ಕುಟುಂಬದ ಗಿಡ. ಏಕದಳ ಹೌದು, ಹುಲ್ಲಲ್ಲ. ಈರುಳ್ಳಿಯೂ ಹಾಗೇ. ಕ್ವಿಜಾಲೊಫಾಪ್‌ನಂಥ ಹುಲ್ಲಿನ ಔಷಧಿ ಗಿಡದೊಳಗೆ ಕೊಬ್ಬು ತಯಾರಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ಹುಲ್ಲಿನ ಜಾತಿಯಲ್ಲಿ ಆ ಕಿಣ್ವದ ರಚನೆಯೇ ಬೇರೆ, ಅದಕ್ಕೇ ಹುಲ್ಲು ಮಾತ್ರ ಒಣಗುವುದು. ಈರುಳ್ಳಿ ಹೊಲದಲ್ಲಿ ಇದನ್ನು ಹೊಡೆಯುವುದು ನೀವೇ ನೋಡಿರುತ್ತೀರಿ. ಗರಿಕೆ ಕೆಂಪಾಗಿ ಒಣಗುತ್ತದೆ, ಪಕ್ಕದ ಜೇಕು ಹಸಿರಾಗೇ ನಿಂತಿರುತ್ತದೆ. "ಡೂಪ್ಲಿಕೇಟ್ ಔಷಧಿ ಕೊಟ್ಟ" ಎಂದು ಅಂಗಡಿಯವರ ಮೇಲೆ ರೇಗಬೇಡಿ. ಜೇಕು ಕೂಡ ಹುಲ್ಲಲ್ಲ!

ಗ್ಲೈಫೋಸೇಟ್‌ಗೆ ಈ ಭೇದವೇ ಇಲ್ಲ. ಹಸಿರು ಎಲ್ಲಿ ಸಿಕ್ಕಿದರೂ ಒಳಗೆ ಹೋಗಿ, ಎಲೆಯಲ್ಲಿ ತಯಾರಾದ ಸಕ್ಕರೆಯ ಜೊತೆ ಗಡ್ಡೆಗೆ ಇಳಿಯುತ್ತದೆ. "ಬುಡಕ್ಕೆ ಮಾತ್ರ ಹೊಡೆದೆ ಸರ್" ಎನ್ನುತ್ತಾರೆ. ಈ ಗಿಡ ಮಣ್ಣಿನಿಂದಲೇ ಹಸಿರಾಗಿ ಏಳುತ್ತದಲ್ಲ? ಮಣ್ಣಿಗೆ ಬಿದ್ದದ್ದು ಬಹುಪಾಲು ಮಣ್ಣಿಗೇ ಅಂಟಿಕೊಳ್ಳುತ್ತದೆ. ತೊಂದರೆ ಎಲೆಗೆ ಸಿಡಿದ ಹನಿಯದು. ಮೊದಲ ಕೆಲವು ದಿನ ಏನೂ ಕಾಣುವುದಿಲ್ಲ. ಅದೇ ಧೈರ್ಯದಲ್ಲಿ ಇನ್ನೊಂದು ಕ್ಯಾನ್ ಖಾಲಿ ಮಾಡುತ್ತಾರೆ.

ದೊಡ್ಡಬಳ್ಳಾಪುರದ ಕಡೆ ಒಬ್ಬ ಅಮ್ಮ ಹೂವಿನ ತೋಟ ಮಾಡಿಕೊಂಡಿದ್ದಾರೆ. ಒಂದು ಮೂಲೆಯಲ್ಲಿ ಮಗ ಹೀಗೇ ಹೊಡೆದಿದ್ದ. ಆ ವರ್ಷ ಹೂವು ಹೇಗೋ ಬಂತು. ಅಲ್ಲಿಂದ ಕಿತ್ತಿಟ್ಟ ಗಡ್ಡೆ ಮತ್ತೆ ನೆಟ್ಟಾಗ ಕೆಲವಕ್ಕೆ ಒಂದು ದಪ್ಪ ಮೊಳಕೆಯ ಬದಲು ಪೊರಕೆ ಕಡ್ಡಿಯಂಥ ಐದಾರು ಎಳೆ ಬಂದವು. ಬಿಳಚಿಕೊಂಡಿದ್ದವು, ಮೇಲೇಳಲಿಲ್ಲ. ಎಲ್ಲವೂ ಔಷಧಿಯಿಂದಲೇ ಎಂದು ನಾನು ಖಚಿತವಾಗಿ ಹೇಳಲಾರೆ, ಆದರೆ ಲಕ್ಷಣ ಅದರದ್ದೇ. ಅಂದಹಾಗೆ, 2022ರಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಸಿಂಪಡಣೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಎಂದು ಅಧಿಸೂಚನೆ ಹೊರಡಿಸಿತು. ಅದೂ ತಲೆಯಲ್ಲಿರಲಿ.

ಹಾಗಂತ ಕ್ವಿಜಾಲೊಫಾಪ್ ಸುಮ್ನೆ ಹೊಡೆಯಿರಿ ಎಂದು ನಾನು ಬರೆದುಕೊಡುವುದಿಲ್ಲ. ಲೇಬಲ್‌ನಲ್ಲಿ ಈರುಳ್ಳಿ, ಸೋಯಾಬೀನ್ ಇವೆ, ಗ್ಲಾಡಿಯೋಲಸ್ ಇಲ್ಲ. ನಿಮ್ಮ ತಾಲ್ಲೂಕಿನ ತೋಟಗಾರಿಕೆ ಅಧಿಕಾರಿಯನ್ನು ಕೇಳಿ. ಅವರು ಒಪ್ಪಿದರೂ ಮೊದಲು ನಾಲ್ಕೈದು ಗಿಡಕ್ಕೆ ಹೊಡೆದು ಎರಡು ವಾರ ಕಾಯಿರಿ. ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ ಮಾಡುತ್ತದೆ ಎಂದು ಅಳತೆ ಮೀರಬೇಡಿ. ಜೇಕನ್ನು ಮಾತ್ರ ಮಳೆ ಬಿದ್ದು ಮಣ್ಣು ಮೆತ್ತಗಿದ್ದಾಗ ಗಡ್ಡೆ ಸಮೇತ ಕೀಳಿಸಿ.