ಟಿ.ಬಿ. ಅಧ್ಯಯನಕ್ಕೆ ಹಣ ಯಾರು ಕೊಡುತ್ತಾರೆ?

ಪ್ರಶ್ನೆ: ಶಿರಾ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೇನೆ. ಸೇರಿ ಎರಡು ವರ್ಷವಾಯಿತು. ಟಿ.ಬಿ. ಕಾರ್ಯಕ್ರಮದ ಬಗ್ಗೆ ಸರಿಯಾದ ತರಬೇತಿ ಪಡೆಯಬೇಕು, ಸಾಧ್ಯವಾದರೆ ಸಣ್ಣದೊಂದು ಅಧ್ಯಯನವನ್ನೂ ಮಾಡಬೇಕು ಎಂಬ ಆಸೆಯಿದೆ. ‘ಗ್ರಾಮೀಣ ಜನರಲ್ಲಿ ಕ್ಷಯರೋಗದ ಅರಿವು’ ಎಂಬ ವಿಷಯ ಯೋಚಿಸಿದ್ದೇನೆ. ಮೆಡಿಕಲ್ ಕಾಲೇಜಿನಲ್ಲಿ ಇಲ್ಲದ ನನ್ನಂಥವರಿಗೆ ಹಣ ಯಾರು ಕೊಡುತ್ತಾರೆ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಚಿಂತಾಮಣಿಯ ಶುಶ್ರೂಷಾಧಿಕಾರಿಯೊಬ್ಬರು ಕೇಳಿದ್ದಾರೆ, ಬಂಗಾರಪೇಟೆಯ ಲ್ಯಾಬ್ ಟೆಕ್ನೀಷಿಯನ್ ಒಬ್ಬರು ಕೇಳಿದ್ದಾರೆ, ತುಮಕೂರಿನಲ್ಲಿ ಎಂ.ಬಿ.ಬಿ.ಎಸ್. ಓದುವ ಹುಡುಗರಂತೂ ಪರೀಕ್ಷೆ ಮುಗಿದ ಮರುವಾರವೇ ಕೇಳುತ್ತಾರೆ. ಹಣ ಸಿಗುತ್ತದೆ, ತರಬೇತಿಯೂ ಸಿಗುತ್ತದೆ. ದಾರಿಯನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ವಿಷಯದ ಬಗ್ಗೆ ನನ್ನದೊಂದು ತಕರಾರಿದೆ. ಜನರಿಗೆ ಈ ರೋಗದ ಅರಿವು ಇದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಅರವತ್ತು ವರ್ಷ ದಾಟಿದೆ. ಸಿಕ್ಕಿದ್ದು ಬೇರೆಲ್ಲೂ ಅಲ್ಲ, ನಿಮ್ಮದೇ ಜಿಲ್ಲೆಯ ಹಳ್ಳಿಗಳಲ್ಲಿ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಒಂದು ಕಾಲಕ್ಕೆ ಮೈಸೂರು ಅರಸರಿಗೆ ಸೇರಿದ್ದ ‘ಅವಲಾನ್’ ಬಂಗಲೆಯಲ್ಲಿ, 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ನೆಹರೂ ಬಂದು ಉದ್ಘಾಟಿಸಿದರು. ಈಗ ನಾವೆಲ್ಲ ಎನ್‌ಟಿಐ ಎನ್ನುವುದು ಇದನ್ನೇ. ಬಡ ದೇಶವೊಂದು ತನ್ನ ಕೈಲಾಗುವ ಖರ್ಚಿನಲ್ಲಿ ಟಿ.ಬಿ.ಯನ್ನು ಹೇಗೆ ಎದುರಿಸಬೇಕು ಎಂದು ಕಂಡುಕೊಳ್ಳುವ ಕೆಲಸ ಅದರ ಪಾಲಿಗೆ ಬಂದಿತ್ತು. ಹಳ್ಳಿಗಾಡಿನಲ್ಲಿ ರೋಗ ಎಷ್ಟಿದೆ ಎಂದು ಅಳೆಯಲು ಅವರು ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. ಆ ಸಮೀಕ್ಷೆಯಲ್ಲಿ ಶ್ವಾಸಕೋಶದ ಕ್ಷಯ ಪತ್ತೆಯಾದವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದವರು ದೇಬಬರ್ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್. ಅವರ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು.

ಹಳ್ಳಿಯವರಿಗೆ ರೋಗ ಬಂದದ್ದೇ ತಿಳಿಯುವುದಿಲ್ಲ, ತಿಳಿದರೂ ಹಣೆಬರಹವೆಂದು ಸುಮ್ಮನಿರುತ್ತಾರೆ ಎಂದು ದೊಡ್ಡ ದೊಡ್ಡ ಕಚೇರಿಗಳಲ್ಲಿ ಕುಳಿತವರು ಆಗ ನಂಬಿದ್ದರು. ತುಮಕೂರಿನ ರೈತರೂ ಕೂಲಿಗಳೂ ಆ ನಂಬಿಕೆಯನ್ನು ಬುಡಮೇಲು ಮಾಡಿದರು. ರೋಗಿಗಳಲ್ಲಿ ಶೇ 95ರಷ್ಟು ಮಂದಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂಬುದು ಗೊತ್ತಿತ್ತು. ಹೆಚ್ಚಿನವರು ಅದಕ್ಕಾಗಿ ಚಿಂತೆಯನ್ನೂ ಪಟ್ಟಿದ್ದರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಎಲ್ಲೋ ಒಂದು ಕಡೆ ಚಿಕಿತ್ಸೆಗೆ ಹೋಗಿ ಬಂದಿದ್ದರು. ಹಾಗೆ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲಿ ಬಹುತೇಕರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ.

ಆ ಬಾಟಲಿಯನ್ನು ನೀವು ನೋಡಿರಲಾರಿರಿ. ಮನೆಯಿಂದಲೇ ಖಾಲಿ ಸೀಸೆ ತೊಳೆದು ಒಯ್ಯಬೇಕಿತ್ತು. ಕಾಂಪೌಂಡರು ದೊಡ್ಡ ಜಾಡಿಯಿಂದ ಮಿಕ್ಸ್‌ಚರ್ ಬಗ್ಗಿಸಿ, ಬದಿಗೆ ಕತ್ತರಿಯಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು ಕುಡಿಯಬೇಕು. ನಾಲ್ಕು ಮೈಲಿ ನಡೆದು ಬಂದು ಕೆಮ್ಮು ಎಂದು ಬಾಯಿಬಿಟ್ಟು ಹೇಳಿದವನ ಕಫವನ್ನು ಯಾರೂ ಕೇಳಲಿಲ್ಲ. ಅರಿವು ಸಾಲದಿದ್ದದ್ದು ಮೇಜಿನ ಯಾವ ಬದಿಯಲ್ಲಿ ಎಂದು ನೀವೇ ಯೋಚಿಸಿ.

ರೋಗಿಗಳನ್ನು ಹುಡುಕಿಕೊಂಡು ಊರೂರು ಅಲೆಯುವ ಮೊದಲು, ತಾವಾಗಿಯೇ ಬಂದವರ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸಿ ಎಂಬ ತತ್ವಕ್ಕೆ ಇದರಿಂದ ಬಲ ಬಂತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಕಟ್ಟಿದ್ದೇ ಈ ಪಾಯದ ಮೇಲೆ. ಜಿಲ್ಲಾ ಮಟ್ಟದ ಮಾದರಿಯನ್ನು ಪಕ್ಕದ ಅನಂತಪುರದಲ್ಲಿ ಪರೀಕ್ಷಿಸಿ ನೋಡಿದ್ದರು. ಕೋಲಾರದ ಗಡಿಯಾಚೆ, ಮದನಪಲ್ಲಿಯ ಹತ್ತಿರ ಆರೋಗ್ಯವರಂ ಎಂಬಲ್ಲಿ ಕ್ಷಯರೋಗಿಗಳ ಸ್ಯಾನಿಟೋರಿಯಂ 1915ರಿಂದಲೇ ಇತ್ತು. ಅಲ್ಲಿಯ ವೈದ್ಯರು 1950ರ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಸಮೀಕ್ಷೆ ಶುರುಮಾಡಿದ್ದರು. ಈ ರಾಗಿ, ನೆಲಗಡಲೆಯ ಬಯಲುಸೀಮೆ ಟಿ.ಬಿ. ಸಂಶೋಧನೆಗೆ ತೀರಾ ಪರಿಚಿತ ನೆಲ ಎಂದು ಹೇಳಲು ಇಷ್ಟೆಲ್ಲ ಹೇಳಿದೆ.

ಹಾಗಾದರೆ ಕೇಳಲು ಏನು ಉಳಿದಿದೆ? ಬಹಳ ಉಳಿದಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಟಿ.ಬಿ. ಲಕ್ಷಣಗಳಿದ್ದವರ ಪೈಕಿ ಶೇ 64ರಷ್ಟು ಮಂದಿ ಯಾವ ಆಸ್ಪತ್ರೆಗೂ ಹೋಗಿರಲಿಲ್ಲ. ಲಕ್ಷಣವನ್ನು ಕಡೆಗಣಿಸಿದೆವು ಎಂದವರೇ ಅವರಲ್ಲಿ ಹೆಚ್ಚು. ಹಣವಿರಲಿಲ್ಲ ಎಂದವರು ಶೇ 2 ಮಾತ್ರ. ಅದೇ ಸಮೀಕ್ಷೆಯಲ್ಲಿ ಎದೆಯ ಎಕ್ಸ್-ರೇ ತೆಗೆಯದೆ ಹೋಗಿದ್ದರೆ ಶೇ 42.6ರಷ್ಟು ರೋಗಿಗಳು ಕೈತಪ್ಪುತ್ತಿದ್ದರು. ತುಮಕೂರಿನ ಹಳೆಯ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಬೇಡಿ. ಅಲ್ಲಿ ಲೆಕ್ಕ ಹಾಕಿದ್ದು ರೋಗ ಪತ್ತೆಯಾದವರನ್ನು, ಇಲ್ಲಿ ಲಕ್ಷಣ ಇದ್ದವರನ್ನೆಲ್ಲ. ಆದರೂ ಒಂದು ಸಂಶಯ ಕಾಡುತ್ತದೆ: ಆಸ್ಪತ್ರೆಗೆ ಹೋಗಲಿಲ್ಲ ಎಂದವರು ಔಷಧಿ ಅಂಗಡಿಗೂ ಹೋಗಲಿಲ್ಲವೇ?

ನೀವು ಕೇಳಬೇಕಾದ ಪ್ರಶ್ನೆ ಇಲ್ಲಿದೆ ಎಂದು ನನ್ನ ಅನಿಸಿಕೆ. ನಿಮ್ಮ ಕೇಂದ್ರದ ವ್ಯಾಪ್ತಿಯಲ್ಲಿ ಕಳೆದ ವರ್ಷ ಟಿ.ಬಿ. ಪತ್ತೆಯಾದ ಪ್ರತಿಯೊಬ್ಬರೂ ಕಫದ ಡಬ್ಬಿ ಕೈಗೆ ಬರುವ ಮುನ್ನ ಎಷ್ಟು ಬಾಗಿಲು ತಟ್ಟಿದ್ದರು? ಪ್ರತಿ ಬಾಗಿಲಲ್ಲೂ ಏನು ಕೊಟ್ಟರು? ಸಿರಪ್ ಎಷ್ಟು ಸಲ, ಲಿವೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್ ಎಷ್ಟು ಸಲ? ಆ ಗುಂಪಿನ ಮಾತ್ರೆ ಟಿ.ಬಿ.ಯನ್ನು ನಾಲ್ಕು ದಿನ ಅಡಗಿಸಿಟ್ಟು ಪತ್ತೆಯನ್ನು ತಡಮಾಡುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಬಾಟಲಿ ಗಾಜಿನಿಂದ ಪ್ಲಾಸ್ಟಿಕ್ಕಿಗೆ ಬದಲಾಗಿದೆ, ಬರೆದು ಕೊಡುವ ಕೈ ಬದಲಾಗಿದೆಯೇ ಎಂದು ಯಾರಾದರೂ ಎಣಿಸಬೇಕು.

ಇದು ಹಿಡಿಸದಿದ್ದರೆ ಇನ್ನೂ ಚಿಕ್ಕದನ್ನು ಹಿಡಿಯಿರಿ. ಲ್ಯಾಬಿನಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋಗಿ ನಿಂತು ಸಾಲಾಗಿಟ್ಟ ಡಬ್ಬಿಗಳನ್ನು ನೋಡಿ. ಕೆಲವದರಲ್ಲಿ ಹಳದಿ ಮಿಶ್ರಿತ ಗಟ್ಟಿ ಕಫ ಡಬ್ಬಿಯನ್ನು ವಾಲಿಸಿದರೂ ತಳಕ್ಕೆ ಕಚ್ಚಿಕೊಂಡಿರುತ್ತದೆ. ಕೆಲವದರಲ್ಲಿ ನೊರೆನೊರೆಯಾದ ತೆಳು ಎಂಜಲು ನೀರಿನಂತೆ ಅತ್ತಿತ್ತ ಓಡಾಡುತ್ತದೆ. ಕಫದಲ್ಲಿ ಟಿ.ಬಿ. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಟ್ರೂನ್ಯಾಟ್ ಯಂತ್ರ ಎಷ್ಟು ಜಾಣನಾದರೂ ಎಂಜಲಿನಲ್ಲಿ ಇಲ್ಲದ ಬ್ಯಾಕ್ಟೀರಿಯಾವನ್ನು ಹುಟ್ಟಿಸಲಾರದು. ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಹೊಟ್ಟೆಯಿಂದ ಕೆಮ್ಮಿ ತೆಗೆಯಬೇಕೆಂದು ಆ ವ್ಯಕ್ತಿಗೆ ಯಾರಾದರೂ ತೋರಿಸಿಕೊಟ್ಟರೇ, ಇಲ್ಲ ಡಬ್ಬಿ ಕೈಗಿಟ್ಟು ಕಳುಹಿಸಿದರೇ? ಆಶಾ ಕಾರ್ಯಕರ್ತೆ ಎರಡು ನಿಮಿಷ ತೋರಿಸಿಕೊಟ್ಟ ಮೇಲೆ ಎಂಜಲಿನ ಡಬ್ಬಿಗಳು ಎಷ್ಟು ಕಡಿಮೆಯಾಗುತ್ತವೆ? ಆರು ತಿಂಗಳ ಕೆಲಸ. ಖರ್ಚು ಹೆಚ್ಚೆಂದರೆ ಜೆರಾಕ್ಸ್, ಪೆಟ್ರೋಲು, ಲೆಕ್ಕ ತುಂಬುವವರ ಕೂಲಿ.

ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಗೆ ಬೇರೆಯೇ ಪ್ರಶ್ನೆಗಳು ಕಾಲಿಗೆ ತೊಡರುತ್ತವೆ. ಕಲ್ಲು ಕ್ವಾರಿ, ಕ್ರಷರ್‌ಗಳ ಸಿಲಿಕಾ ದೂಳು ಶ್ವಾಸಕೋಶವನ್ನು ಸೇರಿದವರಿಗೆ ಟಿ.ಬಿ. ಅಂಟುವ ಅಪಾಯ ಹೆಚ್ಚು. ಕೆ.ಜಿ.ಎಫ್. ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿದರೂ ಅದರೊಳಗೆ ದುಡಿದವರ ಎದೆಯೊಳಗಿನ ದೂಳು ಹೊರಗೆ ಬಂದಿಲ್ಲ. ಗಡಿಯ ತೆಲುಗು ಮಾತಿನ ಹಳ್ಳಿಗಳಿಂದ ಹಿಂದೂಪುರಕ್ಕೋ ಕುಪ್ಪಂಗೋ ಹೋಗಿ ತೋರಿಸಿಕೊಳ್ಳುವ ರೋಗಿ ಯಾವ ಜಿಲ್ಲೆಯ ಲೆಕ್ಕದಲ್ಲಿ ಉಳಿಯುತ್ತಾನೆ, ಯಾವುದರಲ್ಲಿ ಕಳೆದುಹೋಗುತ್ತಾನೆ ಎಂಬುದೂ ಒಂದು ಒಳ್ಳೆಯ ಪ್ರಶ್ನೆ.

ಇನ್ನು ತರಬೇತಿ. ಇಲ್ಲಿ ಹೆಚ್ಚು ಹೇಳಲಿಕ್ಕಿಲ್ಲ. ಎನ್‌ಟಿಐ ಈಗಲೂ ವೈದ್ಯಾಧಿಕಾರಿಗಳಿಗೆ, ಜಿಲ್ಲಾ ಅಧಿಕಾರಿಗಳಿಗೆ, ಲ್ಯಾಬ್ ಸಿಬ್ಬಂದಿಗೆ ತರಬೇತಿ ನಡೆಸುತ್ತದೆ. ಅದು ರಾಷ್ಟ್ರೀಯ ಉಲ್ಲೇಖ ಪ್ರಯೋಗಾಲಯವೂ ಹೌದು. ರಾಜ್ಯ ಮಟ್ಟದಲ್ಲಿ ಬೆಂಗಳೂರಿನ ಲೇಡಿ ವಿಲ್ಲಿಂಗ್ಡನ್ ಕ್ಷಯರೋಗ ಕೇಂದ್ರವಿದೆ. ಇವಕ್ಕೆ ನೀವಾಗಿ ಅರ್ಜಿ ಹಾಕಿ ಹೋಗುವುದಕ್ಕಿಂತ ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಯ ಮೂಲಕ ಹೆಸರು ಹೋಗುವುದೇ ರೂಢಿ. ಆದ್ದರಿಂದ ಅವರಿಗೆ ಒಂದು ಪತ್ರ ಬರೆದು ಪ್ರತಿ ಇಟ್ಟುಕೊಳ್ಳಿ; ಬಾಯಿಮಾತಿನಲ್ಲಿ ಹೇಳಿದ್ದು ಮಾಸಿಕ ಸಭೆಯ ಗದ್ದಲದಲ್ಲಿ ಮರೆತುಹೋಗುತ್ತದೆ. ಅಲ್ಲಿಯವರೆಗೆ ‘ಸ್ವಸ್ಥ ಇ-ಗುರುಕುಲ’ದ ಆನ್‌ಲೈನ್ ಪಾಠಗಳನ್ನು ಮುಗಿಸಿಕೊಳ್ಳಬಹುದು. ಖಾಸಗಿ ನರ್ಸಿಂಗ್ ಹೋಂನಲ್ಲಿರುವವರಿಗೂ ಅದೇ ಅನುಕೂಲದ ದಾರಿ. 2012ರಿಂದ ಖಾಸಗಿಯವರೂ ಪ್ರತಿ ಟಿ.ಬಿ. ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವುದು ಕಡ್ಡಾಯವಾಗಿರುವುದರಿಂದ ಅವರು ಕಲಿಯದೆ ಗತಿಯಿಲ್ಲ.

ಸಂಶೋಧನೆ ಮಾಡುವುದನ್ನೇ ಕಲಿಸುವ ತರಬೇತಿಯೊಂದಿದೆ. ಹೆಸರು ಸಾರ್ಟ್-ಇಟ್. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದ, ಉಷ್ಣವಲಯದ ರೋಗಗಳ ಸಂಶೋಧನಾ ಕಾರ್ಯಕ್ರಮವಾದ ಟಿಡಿಆರ್, ಗಡಿಯಿಲ್ಲದ ವೈದ್ಯರ ಸಂಸ್ಥೆ ಮುಂತಾದವು ಸೇರಿ ರೂಪಿಸಿದ್ದು. ಮೊದಲು ಪ್ರಶ್ನೆಯನ್ನೂ ವಿಧಾನವನ್ನೂ ಬರೆಯಿಸುತ್ತಾರೆ, ಆಮೇಲೆ ಅಂಕಿಅಂಶ ವಿಶ್ಲೇಷಿಸುವುದನ್ನು ಕಲಿಸುತ್ತಾರೆ, ಕೊನೆಗೆ ಕೂರಿಸಿಕೊಂಡು ಲೇಖನ ಬರೆಯಿಸುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಒಂದು ಹಂತದ ಗಡುವು ತಪ್ಪಿಸಿದವರನ್ನು ಮುಂದಿನ ಹಂತಕ್ಕೆ ಕರೆಯುವುದಿಲ್ಲ. ನಿರ್ದಯ ಎನಿಸಬಹುದು, ಆದರೆ ನಮ್ಮಲ್ಲಿ ಶುರುವಾಗಿ ಅರ್ಧಕ್ಕೆ ನಿಂತ ಅಧ್ಯಯನಗಳ ರಾಶಿಯನ್ನು ಕಂಡ ನನಗೆ ಈ ಕಟ್ಟುನಿಟ್ಟು ಇಷ್ಟವಾಗಿದೆ.

ಈಗ ಹಣದ ಮಾತು. ಟಿ.ಬಿ. ಕಾರ್ಯಕ್ರಮವೇ ತನ್ನ ಬಜೆಟ್ಟಿನಲ್ಲಿ ಸಂಶೋಧನೆಗೆ ಪಾಲಿಟ್ಟಿದೆ. ಮೆಡಿಕಲ್ ಕಾಲೇಜುಗಳ ಕೋರ್ ಸಮಿತಿ, ಅದರ ಮೇಲೆ ರಾಜ್ಯ ಕಾರ್ಯಪಡೆ, ವಲಯ ಕಾರ್ಯಪಡೆ, ರಾಷ್ಟ್ರೀಯ ಕಾರ್ಯಪಡೆ ಎಂಬ ಏಣಿಯಿದೆ. ಟಿ.ಬಿ. ಕುರಿತ ಸ್ನಾತಕೋತ್ತರ ಪ್ರಬಂಧಕ್ಕೂ, ಕಾರ್ಯಕ್ರಮಕ್ಕೆ ಉಪಯೋಗವಾಗುವ ಸಣ್ಣ ಅಧ್ಯಯನಕ್ಕೂ ಈ ಏಣಿಯ ಮೂಲಕ ನೆರವು ಬರುತ್ತದೆ. ನಾಳೆ ಸೇವಾನಿರತರ ಕೋಟಾದಲ್ಲಿ ಎಂ.ಡಿ.ಗೆ ಹೋಗುವ ಯೋಚನೆ ನಿಮಗಿದ್ದರೆ ಇದನ್ನು ನೆನಪಿಡಿ. ಈಗಲೇ ಮಾಡುವುದಾದರೆ ತುಮಕೂರಿನ ಯಾವುದಾದರೂ ಮೆಡಿಕಲ್ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದವರೊಬ್ಬರನ್ನು ಜೊತೆ ಸಂಶೋಧಕರನ್ನಾಗಿ ಸೇರಿಸಿಕೊಳ್ಳಿ. ಅವರ ಹತ್ತಿರ ವಿಧಾನ ಗೊತ್ತಿರುತ್ತದೆ, ರೋಗಿಗಳಿರುವುದಿಲ್ಲ. ನಿಮ್ಮ ಹತ್ತಿರ ರೋಗಿಗಳಿದ್ದಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ದೊಡ್ಡ ಮೊತ್ತ ಕೊಡುತ್ತದೆ, ಸ್ಪರ್ಧೆಯೂ ದೊಡ್ಡದೇ. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅಲ್ಪಾವಧಿ ವಿದ್ಯಾರ್ಥಿವೇತನವನ್ನೂ ಇದೇ ನೀಡುತ್ತದೆ. ಮೇಲೆ ಹೇಳಿದ ಹುಡುಗರಿಗೆ ನಾನು ಕೊಡುವ ಉತ್ತರ ಅದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಅಧೀನ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಶೋಧನಾ ಅನುದಾನ ಕೊಡುತ್ತದೆ. ವಿದೇಶಿ ಹಣವನ್ನು ನಂಬಿ ಕೂರಬೇಡಿ. ಟಿ.ಬಿ. ಸಂಶೋಧನೆಗೆ 2027ರ ಹೊತ್ತಿಗೆ ವರ್ಷಕ್ಕೆ 500 ಕೋಟಿ ಡಾಲರ್ ಒದಗಿಸುತ್ತೇವೆಂದು ವಿಶ್ವಸಂಸ್ಥೆಯ ಸಭೆಯಲ್ಲಿ ದೇಶಗಳು ಒಪ್ಪಿಕೊಂಡವು. 2022ರಲ್ಲಿ ಜಗತ್ತಿನಾದ್ಯಂತ ನಿಜವಾಗಿ ಸಿಕ್ಕಿದ್ದು ಸುಮಾರು 100 ಕೋಟಿ. 2025ರಲ್ಲಿ ಅಮೆರಿಕ ತನ್ನ ನೆರವನ್ನು ಕತ್ತರಿಸಿದ ಮೇಲೆ ಕೇಳುವುದೇ ಬೇಡ.

ಪ್ರಸ್ತಾವನೆ ಬರೆಯುವಾಗ ಎರಡು ಕಡೆ ಎಡವುತ್ತಾರೆ. ಮೊದಲನೆಯದು ನೈತಿಕ ಸಮಿತಿಯ ಅನುಮತಿ. ‘ರಿಜಿಸ್ಟರ್ ನೋಡುವುದಷ್ಟೇ, ರೋಗಿಯನ್ನು ಮುಟ್ಟುವುದಿಲ್ಲವಲ್ಲ’ ಎಂದು ಬಿಟ್ಟುಬಿಡುತ್ತಾರೆ. ಹಾಗಲ್ಲ, ದಾಖಲೆಗಳ ಅಧ್ಯಯನವೂ ಸಮಿತಿಯ ಮುಂದೆ ಹೋಗಲೇಬೇಕು. ನಿಮ್ಮ ಕೇಂದ್ರದಲ್ಲಿ ಸಮಿತಿ ಇರುವುದಿಲ್ಲ, ಜೊತೆಗಾರರ ಕಾಲೇಜಿನದನ್ನು ಕೇಳಿ. ಟಿ.ಬಿ. ರೋಗಿಗಳ ವಿವರ ದಾಖಲಿಸುವ ಸರ್ಕಾರಿ ನಿಕ್ಷಯ್ ಪೋರ್ಟಲ್‌ನ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಿ. ಆ ಪುಟದಲ್ಲಿ ಹೆಸರಿದೆ, ಫೋನ್ ನಂಬರ್ ಇದೆ. ಮದುವೆಯ ಮಾತುಕತೆ ನಡೆಯುತ್ತಿರುವ ಹುಡುಗಿಯೊಬ್ಬಳ ಹೆಸರೂ ಅದರಲ್ಲಿರಬಹುದು.

ಎರಡನೆಯ ಎಡವಟ್ಟನ್ನು ನಾನೇ ಮಾಡಿದ್ದೇನೆ. ನನ್ನ ಮೊದಲ ಪ್ರಸ್ತಾವನೆ ನಲವತ್ತು ಪುಟವಿತ್ತು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1882ರಲ್ಲಿ ಟಿ.ಬಿ. ಬ್ಯಾಕ್ಟೀರಿಯಾ ಕಂಡುಹಿಡಿದದ್ದರಿಂದ ಶುರುಮಾಡಿ ಹನ್ನೆರಡು ಪುಟ ಇತಿಹಾಸ ಬರೆದಿದ್ದೆ. ವಿಷಯ, ಈಗ ಹೇಳಲು ನಾಚಿಕೆ, ಜನರಲ್ಲಿನ ಅರಿವು. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಅದನ್ನು ಪಕ್ಕಕ್ಕಿಟ್ಟು ಕೇಳಿದರು: ‘ಉತ್ತರ ಹೌದು ಅಂತ ಬಂದರೆ ಸೋಮವಾರದಿಂದ ನೀವು ಏನನ್ನು ಬದಲಿಸುತ್ತೀರಿ? ಇಲ್ಲ ಅಂತ ಬಂದರೆ ಏನನ್ನು?’ ನನ್ನ ಹತ್ತಿರ ಎರಡಕ್ಕೂ ಒಂದೇ ಉತ್ತರವಿತ್ತು, ಇನ್ನಷ್ಟು ಕರಪತ್ರ ಹಂಚುವುದು. ಪ್ರಸ್ತಾವನೆ ಹಿಂದಕ್ಕೆ ಬಂತು. ಮೇಲೆ ಹೇಳಿದ ತುಮಕೂರಿನ ಅಧ್ಯಯನವನ್ನು ನಾನು ಓದಿದ್ದು ಆಮೇಲೆಯೇ.

ಈ ವಾರ ನೀವು ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಯಾರ ಹಣವೂ ಬೇಡ. ನಿಮ್ಮ ಲ್ಯಾಬಿನ ಕಫ ಪರೀಕ್ಷಾ ರಿಜಿಸ್ಟರ್ ತೆರೆದು, ಟಿ.ಬಿ. ದೃಢಪಟ್ಟ ಕೊನೆಯ ಇಪ್ಪತ್ತು ಮಂದಿಯ ಮುಂದೆ ಮೂರು ದಿನಾಂಕ ಬರೆಯಿರಿ: ಕಫ ಕೊಟ್ಟದ್ದು, ಫಲಿತಾಂಶ ಬಂದದ್ದು, ಮಾತ್ರೆ ಶುರುವಾದದ್ದು. ನಾಲ್ಕನೆಯ ಸಾಲನ್ನು, ಅಂದರೆ ಕೆಮ್ಮು ಶುರುವಾದ ದಿನವನ್ನು, ಖಾಲಿ ಬಿಡಿ. ಅದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ, ಅನುಮತಿ ಬಂದ ಮೇಲೆ ಮನೆಗೆ ಹೋಗಿ ಕೇಳಬೇಕು. ಹೋದಾಗ ಕಿಟಕಿಯ ಕಟ್ಟೆಯ ಮೇಲೆ ಸಿರಪ್ ಬಾಟಲಿಗಳು ಎಷ್ಟಿವೆ ಎಂದೂ ನೋಡಿಕೊಂಡು ಬನ್ನಿ.