ಕೊಳೆರೋಗವೆಂಬ ಒಂದೇ ಹೆಸರು, ಎರಡು ಬೇರೆ ಜೀವಿಗಳು

ಜೀವಿಗಳ ಲ್ಯಾಟಿನ್ ಹೆಸರುಗಳ ರಾಶಿಯಲ್ಲಿ ಒಂದು ಅಪ್ಪಟ ಕನ್ನಡ ಪದ ಸೇರಿಕೊಂಡಿದೆ: ಕೊಳೆರೋಗ. ಮೈಸೂರು ಸೀಮೆಯ ಕಾಫಿ ಎಲೆಗಳ ಮೇಲಿದ್ದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ತಜ್ಞ ಎಂ. ಸಿ. ಕುಕ್ 1876ರಲ್ಲಿ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟ. ನಮ್ಮ ರೈತರು ಆಡುತ್ತಿದ್ದ ಮಾತನ್ನೇ ತೆಗೆದುಕೊಂಡ. 1958ರಲ್ಲಿ ಡೊಂಕ್ ಎಂಬ ಡಚ್ ವಿಜ್ಞಾನಿ ಅದನ್ನು ಇಡೀ ಕುಲದ ಹೆಸರಾಗಿಸಿ ‘ಕೊಳೆರೋಗ ನಾಕ್ಸಿಯಾ’ ಮಾಡಿದ. ಈಗಿನ ವರ್ಗೀಕರಣದಲ್ಲಿ ಹೆಸರು ಮತ್ತೆ ಬದಲಾಗಿದೆ, ಆದರೂ ಹಳೆಯ ಹೆಸರು ಇನ್ನೂ ಬಳಕೆಯಲ್ಲಿದೆ.

ಅದೇ 1876ರಲ್ಲಿ ಜರ್ಮನಿಯ ಡಿ ಬಾರಿ ಇನ್ನೊಂದು ಜೀವಿಗೆ ‘ಫೈಟಾಫ್ಥೊರಾ’ ಎಂದು ಹೆಸರಿಟ್ಟ. ಗಿಡನಾಶಕ ಎಂದು ಅದರ ಅರ್ಥ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಕ್ಷಾಮ ತಂದದ್ದು ಇದೇ. ನಮ್ಮಲ್ಲಿ ಅಡಿಕೆಗೆ ಬರುವ ಕೊಳೆರೋಗ, ಕರಿಮೆಣಸಿನ ಶೀಘ್ರ ಸೊರಗು ರೋಗ ಎರಡೂ ಈ ಫೈಟಾಫ್ಥೊರಾ ಕುಲದವು. ಅಂದರೆ ಕೊಡಗಿನ ಒಂದೇ ತೋಟದಲ್ಲಿ ಕಾಫಿಗೆ ಬಂದ ಕೊಳೆ ಬೇರೆ, ಪಕ್ಕದ ಅಡಿಕೆಗೆ ಬಂದ ಕೊಳೆ ಬೇರೆ. ಮೊದಲನೆಯದು ನಿಜವಾದ ಶಿಲೀಂಧ್ರ. ಎರಡನೆಯದು ಶಿಲೀಂಧ್ರವೇ ಅಲ್ಲ. ‘ಎಲ್ಲಾ ಫಂಗಸ್ಸೇ, ಎಲ್ಲಾ ಮಳೆಯಿಂದಲೇ’ ಎಂದು ಕೈಗೆ ಸಿಕ್ಕ ಔಷಧ ಹೊಡೆದರೆ ದುಡ್ಡೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ.

ಶಿಲೀಂಧ್ರ ಗಿಡವಲ್ಲ. ವಂಶವೃಕ್ಷದಲ್ಲಿ ಅದು ಗಿಡಗಳಿಗಿಂತ ಪ್ರಾಣಿಗಳಿಗೆ, ಅಂದರೆ ನಮಗೆ, ಹತ್ತಿರ. ಅದರ ಕೋಶದ ಗೋಡೆಯಲ್ಲಿ ಕೈಟಿನ್ ಇದೆ, ಗದ್ದೆಯ ಏಡಿಯ ಚಿಪ್ಪಿನಲ್ಲಿರುವುದೂ ಅದೇ ವಸ್ತು. ಅದು ಆಹಾರವನ್ನು ಕೂಡಿಡುವುದು ಗ್ಲೈಕೋಜನ್ ರೂಪದಲ್ಲಿ, ನಮ್ಮ ಪಿತ್ತಜನಕಾಂಗ ಮಾಡುವ ಹಾಗೆಯೇ. ಮನುಷ್ಯರಿಗೆ ತಗಲುವ ಶಿಲೀಂಧ್ರ ರೋಗಗಳಿಗೆ ಮದ್ದು ಹುಡುಕುವುದು ಕಷ್ಟವಾಗಿರುವುದೂ ಈ ನಂಟಿನಿಂದಲೇ: ಅದನ್ನು ಕೊಲ್ಲುವ ಬಹಳಷ್ಟು ವಸ್ತುಗಳು ನಮ್ಮನ್ನೂ ಮುಟ್ಟುತ್ತವೆ. ಮಳೆಗಾಲದ ಹುಳುಕಡ್ಡಿಯಲ್ಲಿ ಹುಳವೂ ಇಲ್ಲ, ಕಡ್ಡಿಯೂ ಇಲ್ಲ, ಇರುವುದು ಚರ್ಮದ ಕೆರಟಿನ್ ತಿನ್ನುವ ಶಿಲೀಂಧ್ರ. ಅದಕ್ಕೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಕೆಂಪು, ತುರಿಕೆ ಎರಡು ದಿನದಲ್ಲಿ ಇಳಿಯುತ್ತವೆ. ಚರ್ಮದ ರಕ್ಷಣೆಯೂ ಇಳಿಯುವುದರಿಂದ ಶಿಲೀಂಧ್ರ ಸದ್ದಿಲ್ಲದೆ ಹರಡಿಕೊಳ್ಳುತ್ತದೆ.

ನಾವು ತಿಂದು ಜೀರ್ಣಿಸುತ್ತೇವೆ, ಶಿಲೀಂಧ್ರ ಜೀರ್ಣಿಸಿ ತಿನ್ನುತ್ತದೆ. ಅದರ ದೇಹವೆಲ್ಲ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು. ಎಳೆಯ ತುದಿಯಿಂದ ಕಿಣ್ವಗಳು ಹೊರಗೆ ಸುರಿಯುತ್ತವೆ, ಎಲೆಯೋ ಮರವೋ ಅಲ್ಲೇ ಕರಗುತ್ತದೆ, ಆ ರಸವನ್ನು ಎಳೆ ಹೀರುತ್ತದೆ. ಅಡುಗೆಮನೆ, ಹೊಟ್ಟೆ ಎರಡೂ ಮೈಯ ಹೊರಗೇ ಇವೆ ಎನ್ನಿ. ಆದರೆ ಕರಗಿಸುವ ಮೊದಲು ಒಳಗೆ ನುಗ್ಗಬೇಕಲ್ಲ? ಅದರ ಬಲ ನೋಡಬೇಕಾದರೆ ಭತ್ತದ ಗದ್ದೆಗೆ ಬರಬೇಕು. ಬೆಂಕಿ ರೋಗದ ಬೀಜಕಣ ಎಲೆಯ ಮೇಲೆ ಬಿದ್ದು ಮೊಳೆತ ಮೇಲೆ ತುದಿಯಲ್ಲಿ ಒಂದು ಗುಮ್ಮಟ ಕಟ್ಟುತ್ತದೆ. ಗುಮ್ಮಟದ ಗೋಡೆಗೆ ಮೆಲನಿನ್ ಬಳಿದು, ಒಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಮೆಲನಿನ್ ಪದರ ನೀರನ್ನು ಒಳಬಿಡುತ್ತದೆ, ಗ್ಲಿಸರಾಲನ್ನು ಹೊರಬಿಡುವುದಿಲ್ಲ. ಉಪ್ಪು ಬೆರೆಸಿದ ಮಾವಿನಕಾಯಿ ನೀರು ಬಿಡುವುದನ್ನು ಕಂಡಿದ್ದೀರಲ್ಲ, ಅದೇ ಎಳೆತ ಇಲ್ಲಿ ನೀರನ್ನು ಒಳಕ್ಕೆ ಜಗ್ಗುತ್ತದೆ. ಹೋಗಲು ದಾರಿಯಿಲ್ಲದ ನೀರು ಒತ್ತಡವಾಗುತ್ತದೆ. ಎಷ್ಟು? ವಾಯುಮಂಡಲದ 80 ಪಟ್ಟಿನಷ್ಟು. ಕಾರಿನ ಚಕ್ರಕ್ಕೆ ನಾವು ತುಂಬುವ ಗಾಳಿ ಸುಮಾರು 2 ಪಟ್ಟು, ಸೀಟಿ ಹೊಡೆಯುವ ಕುಕ್ಕರಿನದು ಅದಕ್ಕೂ ಕಡಿಮೆ. ಇಷ್ಟೆಲ್ಲ ಒತ್ತಡ ಗುಮ್ಮಟದ ಅಡಿಯಿಂದ ಹೊರಡುವ ಒಂದೇ ಮೊಳೆಯ ತುದಿಗೆ ಬಂದಾಗ ಭತ್ತದ ಎಲೆಯ ಮೇಣದ ಹೊದಿಕೆ ತೂತಾಗುತ್ತದೆ. ಮೆಲನಿನ್ ತಯಾರಿಕೆಯನ್ನಷ್ಟೇ ನಿಲ್ಲಿಸುವ ಟ್ರೈಸೈಕ್ಲಜೋಲ್ ಔಷಧ ಬೆಂಕಿ ರೋಗಕ್ಕೆ ನಾಟುವುದು ಇದರಿಂದಲೇ. ಶಿಲೀಂಧ್ರ ಸಾಯುವುದಿಲ್ಲ, ಗುಮ್ಮಟ ಸೋರುತ್ತದೆ, ಮೊಳೆ ನಾಟುವುದಿಲ್ಲ.

ಕಾಫಿಯ ಕೊಳೆರೋಗದಲ್ಲಿ ಈ ಎಳೆಗಳನ್ನು ಬರಿಗಣ್ಣಿನಲ್ಲೇ ನೋಡಬಹುದು. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಎಲೆ ಕಪ್ಪಾಗಿ ಕೊಳೆತು ರೆಂಬೆಯಿಂದ ಕಳಚಿದರೂ ನೆಲಕ್ಕೆ ಬೀಳದೆ, ಬಿಳಿ ದಾರಕ್ಕೆ ಕಟ್ಟಿದಂತೆ ನೇತಾಡುತ್ತದೆ. ಆ ದಾರವೇ ರೋಗಕಾರಕ. ಮಂಜು ಕೂತು ಗಾಳಿಯಾಡದ ತಗ್ಗುಗಳಲ್ಲಿ, ದಟ್ಟ ನೆರಳಿನಲ್ಲಿ ಇದು ಮೊದಲು ಕಾಣಿಸುತ್ತದೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ, ಅಂದರೆ ನೆರಳುಮರದ ಕೊಂಬೆ ಸವರಿ, ಬೆಳಕು ಬಿಡಬೇಕು, ಗಿಡದ ನಡು ತೆರೆಯಬೇಕು, ಹೋದ ವರ್ಷದ ರೋಗದ ರೆಂಬೆ ಕತ್ತರಿಸಿ ಸುಡಬೇಕು. ನೆರಳುಮರದಿಂದ ಉದುರಿ ಗಿಡದ ಮೇಲೆ ಕೂತ ತರಗೆಲೆಗಳನ್ನೂ ಕೊಡವಬೇಕು, ಬಹಳ ಜನ ಬಿಡುವುದು ಇದನ್ನೇ. ಒದ್ದೆ ತರಗೆಲೆಯ ಕಂತೆ ಎಳೆಗಳಿಗೆ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುವ ಸೇತುವೆ.

ಫೈಟಾಫ್ಥೊರಾದ ದಾರಿ ಬೇರೆ. ಅದರ ಹತ್ತಿರದ ನೆಂಟರು ಕಡಲ ಕಂದು ಪಾಚಿಗಳು. ಕೋಶದ ಗೋಡೆಯಲ್ಲಿ ಕೈಟಿನ್ ಬದಲು ಸೆಲ್ಯುಲೋಸ್. ಅದರ ಬೀಜಕಣಗಳಿಗೆ ಎರಡೆರಡು ಬಾಲಗಳಿದ್ದು, ನೀರಿನ ತೆಳುಪದರದಲ್ಲಿ ಈಜಿಕೊಂಡು ಬೇರು ಸೂಸುವ ರಸದ ಜಾಡು ಹಿಡಿಯುತ್ತವೆ. ಮೆಣಸಿನ ಬಳ್ಳಿಯ ಬುಡದಲ್ಲಿ ನೀರು ನಿಲ್ಲಬಾರದು, ನೆಲಕ್ಕೆ ಹಬ್ಬಿದ ಕುಡಿಗಳನ್ನು ಮಳೆಗೆ ಮೊದಲೇ ಎತ್ತಿ ಕಟ್ಟಬೇಕು ಎನ್ನುವುದು ಇದೇ ಕಾರಣಕ್ಕೆ. 1910ರಲ್ಲಿ ಮೈಸೂರು ಸಂಸ್ಥಾನದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆಯ ಕಾರಣ ಫೈಟಾಫ್ಥೊರಾ ಎಂದು ವಿವರಿಸಿದ. ಅದಕ್ಕೂ ಮುಂಚಿನಿಂದ ಮಲೆನಾಡಿಗರು ಅಡಿಕೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆ ತಾಗದಂತೆ ಕಾಪಾಡುತ್ತಿದ್ದರು. ಸೂಕ್ಷ್ಮದರ್ಶಕವಿಲ್ಲದೆ ಈಜುಗಾರನ ಕೊಳ ಬತ್ತಿಸುವ ಉಪಾಯ ಕಂಡುಕೊಂಡಿದ್ದರು.

ಔಷಧದಂಗಡಿಯಲ್ಲಿ ಈ ಭೇದವೇ ಮುಖ್ಯ. ಹೆಕ್ಸಾಕೊನಜೋಲ್ ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ. ಕಾಫಿಯ ಎಲೆ ತುಕ್ಕು ರೋಗಕ್ಕೆ ಸರಿ, ಅದೂ ಶಿಲೀಂಧ್ರದ್ದೇ. ಫೈಟಾಫ್ಥೊರಾ ಎರ್ಗೊಸ್ಟೆರಾಲನ್ನು ತಯಾರಿಸುವುದೇ ಇಲ್ಲ, ಆದ್ದರಿಂದ ಮೆಣಸಿಗೆ ಹೊಡೆದರೆ ವ್ಯರ್ಥ. ಮೆಟಲಾಕ್ಸಿಲ್ ತದ್ವಿರುದ್ಧ: ಮೆಣಸಿನ ಸೊರಗಿಗೆ ಆಗುತ್ತದೆ, ಕಾಫಿ ತುಕ್ಕಿಗೆ ಆಗದು.

ಎರಡಕ್ಕೂ ಆಗುವುದು ತಾಮ್ರ, ಅಂದರೆ ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿತೋಟದವರು ದಾರಿಬದಿಯ ಬಳ್ಳಿಗಳಿಗೆ ಕಳ್ಳರು ಕೈಹಾಕದಿರಲೆಂದು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬರದ್ದನ್ನು 1882ರಲ್ಲಿ ಗಮನಿಸಿದ ಮಿಲ್ಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದ. ಶೇ. 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲೂ, ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ, ಸೋಸಿ ಇನ್ನೊಂದು 50 ಲೀಟರಿನಲ್ಲೂ ಕರಗಿಸಬೇಕು. ಎರಡೂ ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು, ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿದರೆ ಕಣಗಳು ದಪ್ಪವಾಗಿ ತಳ ಸೇರುತ್ತವೆ, ಎಲೆಗೆ ಅಂಟುವುದಿಲ್ಲ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಕಬ್ಬಿಣದ್ದು ಬೇಡ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಚಿಗುರು ಸುಡುತ್ತದೆ, ಸುಣ್ಣದ ನೀರು ಇನ್ನಷ್ಟು ಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಕಾಫಿಯಲ್ಲಿ ಎಲೆಯ ಅಡಿಭಾಗಕ್ಕೆ ತಾಗಬೇಕು, ತುಕ್ಕಿನ ಕಿತ್ತಳೆ ಹುಡಿ ಕಾಣುವುದೂ, ಅದು ಒಳನುಗ್ಗುವ ಪತ್ರರಂಧ್ರಗಳಿರುವುದೂ ಅಲ್ಲೇ. ಒಳಗೆ ಹೊಕ್ಕ ರೋಗವನ್ನು ಬೋರ್ಡೋ ಕೊಲ್ಲದು, ಮೊಳೆಯುವ ಬೀಜಕಣವನ್ನಷ್ಟೇ ತಡೆಯುತ್ತದೆ. ರೋಗ ಕಂಡ ಮೇಲೆ ಪಂಪು ಹುಡುಕುವುದು ತಡವಾಯಿತೆಂದೇ ಲೆಕ್ಕ.

ತೋಟದ ಕೆಲಸಕ್ಕೆ ಬರುವ ಶಿಲೀಂಧ್ರಗಳೂ ಇವೆ. ಟ್ರೈಕೊಡರ್ಮಾದ ಒಂದು ಜಾತಿ ಮೊದಲು ಗಮನಕ್ಕೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ, ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಬಟ್ಟೆಯನ್ನು ತಿಂದುಹಾಕಿದ್ದಕ್ಕೆ. ಸೆಲ್ಯುಲೋಸ್ ಕತ್ತರಿಸುವ ಈ ಕುಲದ ಕಿಣ್ವಗಳು ಸೆಲ್ಯುಲೋಸ್ ಗೋಡೆಯ ಫೈಟಾಫ್ಥೊರಾದ ಮೇಲೂ ನಡೆಯುತ್ತವೆ. ಒಂದು ಕಿಲೋ ಟ್ರೈಕೊಡರ್ಮಾ ಹುಡಿಯನ್ನು 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ 10ರಿಂದ 15 ದಿನ ಇಟ್ಟು ಮೆಣಸಿನ ಬುಡಕ್ಕೆ ಹಾಕಬೇಕು. ಹಸಿ ಸಗಣಿಯ ಬಿಸಿಗೆ ಅದು ಸಾಯುತ್ತದೆ. ಬುಡಕ್ಕೆ ತಾಮ್ರದ ಔಷಧ ಸುರಿದ ವಾರದಲ್ಲೇ ಹಾಕಿದರೂ ಸಾಯುತ್ತದೆ, ನಡುವೆ ಮೂರ್ನಾಲ್ಕು ವಾರ ಬಿಡಬೇಕು.

ಕಾಫಿ ಕಾಯಿಕೊರಕ ಕೀಟಕ್ಕೆ ಸಿಂಪಡಿಸುವ ಬ್ಯುವೇರಿಯಾ ಎಂಬ ಶಿಲೀಂಧ್ರ ರೇಷ್ಮೆಹುಳುವನ್ನು ಸುಣ್ಣದ ಕಡ್ಡಿಯಂತೆ ಗಟ್ಟಿಯಾಗಿಸುವ ಸುಣ್ಣಕಟ್ಟು ರೋಗದ ಕಾರಕವೇ. ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲದು ಎಂದು 1835ರಲ್ಲಿ ಇಟಲಿಯ ಬಾಸ್ಸಿ ಮೊದಲು ತೋರಿಸಿದ್ದು ಇದರ ಮೂಲಕ. ರೇಷ್ಮೆ ಸಾಕಣೆಯ ಮನೆಗಳ ಹತ್ತಿರ ಇದನ್ನು ಹೊಡೆಯಲೇಬಾರದು.

ಇನ್ನು ಕುಮ್ಮು, ಅಂದರೆ ಕೊಡಗಿನವರ ಮಾತಿನಲ್ಲಿ ಅಣಬೆ. ಕಕ್ಕಡದ (ಜುಲೈ, ಆಗಸ್ಟಿನ) ಮಳೆಯಲ್ಲಿ ಹುತ್ತದ ಬಳಿ ಅಣಬೆ ಏಳುವುದು ಗುಡುಗಿನಿಂದಲ್ಲ. ಗೆದ್ದಲು ತಾನು ತಿಂದ ತರಗೆಲೆ, ಮರದ ಚೂರನ್ನು ಹಿಕ್ಕೆಯಾಗಿ ಪೇರಿಸಿ, ಅದರ ಮೇಲೆ ಟರ್ಮಿಟೊಮೈಸಿಸ್ ಶಿಲೀಂಧ್ರವನ್ನು ವರ್ಷವಿಡೀ ಬೆಳೆಸುತ್ತದೆ. ಮರವನ್ನು ಗಟ್ಟಿಯಾಗಿಸುವ ಲಿಗ್ನಿನನ್ನು ಶಿಲೀಂಧ್ರ ಮುರಿದುಕೊಟ್ಟ ಮೇಲೆ ಗೆದ್ದಲು ಅದನ್ನೇ ತಿನ್ನುತ್ತದೆ. ಮಳೆಗೆ ಮೇಲೇಳುವ ಕೊಡೆ ಆ ತೋಟದ ಹೂವಷ್ಟೇ, ಬೇರಿನಂಥ ಅದರ ಉದ್ದ ಬುಡ ಕೆಳಗಿನ ತೋಟದವರೆಗೂ ಇಳಿದಿರುತ್ತದೆ. ಗೆದ್ದಲಿಗೆ ವಿಷ ಹಾಕಿದ ಹುತ್ತದಲ್ಲಿ ಈ ಅಣಬೆ ಮತ್ತೆ ಏಳದು.

ಬೆಳ್ಳುಳ್ಳಿ ಹಾಕಿ ಬೇಯಿಸಿದಾಗ ಕಪ್ಪಾಗದಿದ್ದರೆ ವಿಷವಿಲ್ಲ, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎಂಬ ಮಾತುಗಳೆರಡೂ ಸುಳ್ಳು, ಜೀವಕ್ಕೆ ಅಪಾಯ. ಅಮಾನಿಟಾ ಕುಲದ ಕೆಲವು ಅಣಬೆಗಳ ಅಮಾಟಾಕ್ಸಿನ್ ಕುದಿಸಿದರೂ ಅಳಿಯದು. ತಿಂದು 6ರಿಂದ 12 ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ನಂತರ ಒಂದು ದಿನ ಸುಧಾರಿಸಿದಂತೆ ಕಾಣುತ್ತದೆ, ಆ ಹೊತ್ತಿಗೆ ಪಿತ್ತಜನಕಾಂಗ ಕರಗುತ್ತಿರುತ್ತದೆ. ಅಣಬೆ ತಿಂದ ಮೇಲೆ ತಡವಾಗಿ ಶುರುವಾದ ವಾಂತಿಗೆ ಮನೆಮದ್ದು ಮಾಡುತ್ತ ಕೂರದೆ, ಸಾರಿನಲ್ಲೋ ಕಸದಲ್ಲೋ ಉಳಿದ ಅಣಬೆಯ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು, ಜೊತೆಗೆ ಉಂಡವರೆಲ್ಲರನ್ನೂ ಕರೆದುಕೊಂಡು ಆಸ್ಪತ್ರೆಗೆ ಹೊರಡಬೇಕು.